ಮರ ಏರುವ ಮೀನು

"ಯಾವ ಹುಚ್ಚ ಕಟ್ಟ್ಯಾನ್ರೀ ಇದನ್ನ!"

ಅಂಬಿಗ ಶಿವರಾಯ ದೋಣಿಯ ತಳವನ್ನು ತಡವಿ ತಡವಿ ಗೋಳಾಡುತ್ತಿದ್ದ. "ನೋಡ್ರಿ ಅಮೀನಸಾಹೇಬ್ರ, ಹಲಗಿ ಹ್ಯಾಂಗ ಸೀಳ್ಯಾದ. ಹನ್ನೆರಡು ಮೊಳ ಹಗ್ಗ ಸಡ್ಲ ಬಿಟ್ಟಾನ. ಗಾಳಿ ಬಂದಾಗೊಮ್ಮೆ ಕಲ್ಲಿಗಿ ಬಡಕೊಂಡದ. ದೋಣಿ ಏನು ಎಮ್ಮೀ ಏನ್ರಿ, ಮೇಯಾಕ ಬಿಡಾಕ?"

ಅಮೀನ ಬುರಾನುದ್ದೀನನಿಗೆ ನಗು ಬರಲಿಲ್ಲ. ಅಫಜಲಪುರದ ಠಾಣೆಯಿಂದ ಬೆಳಿಗ್ಗೆಯೇ ಕುದುರೆ ಹತ್ತಿ ಭೀಮೆಯ ದಂಡೆಯ ಈ ಹಳ್ಳಿಗೆ ಬಂದಿದ್ದ ಅವನು, ಗೂಟಕ್ಕೆ ಬಿಗಿದಿದ್ದ ಹಗ್ಗವನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

"ನೀ ಕಟ್ಟಿದ್ದಲ್ಲ?"

"ನಾ ಎಲ್ಲಿ ಇದ್ದೆರಿ? ಸೋಮವಾರ ಮುಂಜಾನೆ ಮಗಳ ಊರಿಗಿ ಜೇವರ್ಗಿಗೆ ಹೋದಾಂವ ಈಗ ಬರಾಕತ್ತೇನಿ. ಖೂನಿ ಆದಾಗಿಂದ ಘಾಟು ಬಂದ್ ಅದಂತ. ಯಾರೂ ಮುಟ್ಟಿಲ್ಲ. ಮತ್ತ ನಾನಾದ್ರ ಹೊಳಿಗಿ ಹಿಂಗ ಕಟ್ತೀನೇನ್ರಿ? ಎರಡು ಮೊಳ ಬಿಟ್ಟು ಬಿಗಿ ಹಿಡದು ಕಟ್ಟಬೇಕು. ಹುಟ್ಟಿದ ಕೂಸಿಗಿ ಗೊತ್ತದ."

ಸೋಮವಾರ ಹೊತ್ತು ಮುಳುಗುವಾಗ ಆಚೆ ದಂಡೆಯ ಮರಳಲ್ಲಿ ದತ್ತಪ್ಪನ ತಲೆ ಒಡೆದಿದ್ದರು. ಹನ್ನೆರಡು ವರ್ಷ ದೂರದ ಸಮುದ್ರದ ಕಡೆ ಚರ್ಮ ಹದ ಮಾಡುವ ಮರದ ತೊಗಟೆಯ ವ್ಯಾಪಾರಿಯೊಬ್ಬನ ಹತ್ತಿರ ಕಾರಕೂನಿಕೆ ಮಾಡಿ, ನಾಲ್ಕು ತಿಂಗಳ ಹಿಂದಷ್ಟೇ ಊರಿಗೆ ಮರಳಿದ್ದ ಮನುಷ್ಯ. ಜೀವ ಹೋಗುವ ಮುಂಚೆ ಅವನು ಒಂದೇ ಒಂದು ಮಾತು ಆಡಿದ್ದ. ಅದನ್ನು ಕೇಳಿದವಳು ಮರಳಲ್ಲಿ ಕಲ್ಲಂಗಡಿ ಬೆಳೆಯುವ ಮಲ್ಕಮ್ಮ.

ಚಾವಡಿಯ ಬರಹಗಾರ ಅವಳ ಹೇಳಿಕೆಯನ್ನು ಅಂದೇ ಉರ್ದುವಿನಲ್ಲಿ ಬರೆದುಕೊಂಡಿದ್ದ. ಅದರಲ್ಲಿದ್ದದ್ದು 'ಕಾಂದಾವಾಲಾ' ಎಂಬ ಮಾತು.

ಈ ಊರಲ್ಲಿ ಈರುಳ್ಳಿಗೆ ಉಳ್ಳಾಗಡ್ಡಿ ಎನ್ನದೆ 'ಕಾಂದಾ' ಎನ್ನುವವನು ಒಬ್ಬನೇ. ಸೊಲ್ಲಾಪುರದ ಕಡೆಯಿಂದ ಬಂಡಿ ತುಂಬಿಸಿ ತರುವ ಲಾಲಸಾಬ. ಊರ ಮಕ್ಕಳೂ ಅವನನ್ನು ಕರೆಯುವುದು ಕಾಂದಾದಾಂವ ಎಂದೇ. ಸಾಲದ್ದಕ್ಕೆ ಹೋದ ಸಂತೆಯ ದಿನ ದೋಣಿಯಲ್ಲಿ ಚೀಲ ಇಡುವ ಜಾಗಕ್ಕೆ ದತ್ತಪ್ಪನಿಗೂ ಅವನಿಗೂ ಜಗಳವಾಗಿ, "ನಿನ್ನ ಹೊಳಿಗಿ ಹಾಕ್ತೇನಿ" ಎಂದು ಲಾಲಸಾಬ ಕೂಗಾಡಿದ್ದನ್ನು ಇಡೀ ಘಾಟು ಕೇಳಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಲಾಲಸಾಬನ ಕೈಗೆ ಬೇಡಿ ಬಿದ್ದು ಇಂದಿಗೆ ಮೂರು ದಿನ. ಮಧ್ಯಾಹ್ನ ಮೂರರ ಮೋಟಾರಿಗೆ ಅವನನ್ನು ಗುಲಬರ್ಗಾಕ್ಕೆ ಸಾಗಿಸಬೇಕೆಂದು ಹುಕುಂ ಬಂದಿದೆ. ಅಲ್ಲಿಗೆ ಹೋದ ಮೇಲೆ ಸಾಯುವವನ ಮಾತನ್ನು ಸುಳ್ಳು ಅನ್ನುವ ಧೈರ್ಯ ಯಾವ ಕಚೇರಿಗೂ ಇರುವುದಿಲ್ಲ. ನೇಣೇ ಗತಿ.

ಬುರಾನುದ್ದೀನನಿಗೆ ಮೊದಲಿನಿಂದಲೂ ಒಂದು ಅನುಮಾನ ಇತ್ತು. ಲಾಲಸಾಬ ನೀರು ಕಂಡರೆ ನಡುಗುವ ಆಸಾಮಿ. ದೋಣಿಯಲ್ಲಿ ಕಣ್ಣು ಮುಚ್ಚಿ ಕೂಡುವವನು. ಅವನು ಒಬ್ಬನೇ ಹುಟ್ಟು ಹಾಕಿ ಆಚೆ ದಡಕ್ಕೆ ಹೋಗಿ ಹೊಡೆದು ಬಂದನೇ? ಅರ್ಧ ಹರದಾರಿ ಕೆಳಗೆ ಮೊಣಕಾಲುದ್ದ ನೀರಲ್ಲಿ ದಾಟಬಹುದು, ಖರೆ. ಆದರೆ ಆ ಸಂಜೆ ದೋಣಿ ಆಚೆ ಹೋಗಿ ಬಂದದ್ದನ್ನು ದನ ಕಾಯುವವರು ದೂರದಿಂದ ಕಂಡಿದ್ದರು. ನಡೆಸಿದವರು ಯಾರೆಂದು ಮಬ್ಬಿನಲ್ಲಿ ತಿಳಿದಿರಲಿಲ್ಲ.

ಅಂದರೆ ಈ ಹಗ್ಗ ಕಟ್ಟಿದ ಕೈಯೇ ದತ್ತಪ್ಪನನ್ನು ಹೊಡೆದ ಕೈ.

ಬುರಾನುದ್ದೀನ ಹಗ್ಗವನ್ನು ಬೆರಳಲ್ಲಿ ಹಿಡಿದು ಎಳೆದ. ಎಳೆದಂತೆ ಅವನ ಕೆನ್ನೆ ಚುರುಗುಟ್ಟಿತು. ಮೂವತ್ತು ವರ್ಷದ ಹಿಂದೆ ಬಿದ್ದ ಏಟು ಅದು.

ಅವನ ತಾಯಿಯ ತವರು ರತ್ನಾಗಿರಿ ಕಡೆಯ ಒಂದು ಖಾಡಿ, ಸಮುದ್ರ ಊರೊಳಗೆ ನುಗ್ಗಿ ಬರುವ ಜಾಗ. ಎಂಟು ವರ್ಷದವನಿದ್ದಾಗ ಅಜ್ಜನ ದೋಣಿಯನ್ನು ಮರದ ಬೇರಿಗೆ ಬಿಗಿಯಾಗಿ ಕಟ್ಟಿ ಮೀನು ನೋಡಲು ಓಡಿದ್ದ. ತಿರುಗಿ ಬರುವಷ್ಟರಲ್ಲಿ ನೀರು ಇಳಿದು, ದೋಣಿ ಹಗ್ಗಕ್ಕೆ ನೇತುಬಿದ್ದು ಅರ್ಧ ಮುರಿದಿತ್ತು. ಅಜ್ಜ ಕಪಾಳಕ್ಕೆ ಬಾರಿಸಿ ಹೇಳಿದ್ದ: "ಭರತ ಏರುತ್ತದೆ, ಇಳಿಯುತ್ತದೆ. ಹಗ್ಗ ಸಡಿಲ ಬಿಡೋ ಕತ್ತೆ!"

ಏರಿಳಿಯುವ ನೀರಿನವರು ಹಗ್ಗ ಸಡಿಲ ಬಿಡುತ್ತಾರೆ. ಹೊಳೆಯವರು ಬಿಡುವುದಿಲ್ಲ. ಅವಸರದಲ್ಲಿ ತಲೆ ಮರೆತರೂ ಕೈ ಮರೆಯುವುದಿಲ್ಲ.

ಅಜ್ಜನ ದೋಣಿ ನಿಂತಿದ್ದ ಆ ಉಪ್ಪುನೀರಿನ ಅಡವಿಗೆ ಅಲ್ಲಿಯವರು ಏನನ್ನುತ್ತಿದ್ದರು?

ಬುರಾನುದ್ದೀನ ಧಡಕ್ಕನೆ ಎದ್ದು ನಿಂತ. "ಯಾ ಅಲ್ಲಾ!"

"ಏನಾತ್ರೀ?" ಶಿವರಾಯ ಬೆದರಿ ಹಿಂದೆ ಸರಿದ.

"ಕಾಂದಳ!" ಬುರಾನುದ್ದೀನ ಕುದುರೆಯ ಕಡೆ ಓಡುತ್ತಲೇ ಕೂಗಿದ. "ಕಾಂದಾ ಅಲ್ಲೋ ಶಿವರಾಯ, ಕಾಂದಳ!"

ಶಿವರಾಯ ತಲೆ ಕೆರೆದುಕೊಂಡ. ಅಮೀನಸಾಹೇಬರಿಗೆ ಬಿಸಿಲು ಬಡಿದಿದೆ ಎಂದೇ ಅವನಿಗೆ ಅನಿಸಿತು.

*

ಕುದುರೆಯ ಮೇಲೆ ಬುರಾನುದ್ದೀನ ತನ್ನನ್ನು ತಾನೇ ಬೈದುಕೊಂಡ. ಮೂರು ದಿನ ಆ ಉರ್ದು ಕಾಗದವನ್ನೇ ಓದಿದ್ದ. ಆ ಹೆಂಗಸನ್ನು ಕರೆದು ಕನ್ನಡದಲ್ಲಿ ಒಮ್ಮೆ ಕೇಳಿರಲಿಲ್ಲ. ಹನ್ನೆರಡು ವರ್ಷ ಕಾಂದಳದ ತೊಗಟೆ ತೂಗಿ ಬಂದ ದತ್ತಪ್ಪ 'ಕಾಂದಳದಾಂವ' ಅಂದಿದ್ದರೆ, ಸಮುದ್ರವನ್ನೇ ಕಾಣದ ಬರಹಗಾರನ ಕಿವಿಗೆ ಅದು ಕಾಂದಾ ಆಗದೆ ಇನ್ನೇನಾದೀತು? ನಡುವಿನ ಒಂದು 'ಳ' ಬಿದ್ದುಹೋಗಿ ಒಬ್ಬ ಮನುಷ್ಯನ ಕೊರಳಿಗೆ ಹಗ್ಗ ಬಂದಿದೆ.

ಹಾಗಾದರೆ ಈ ಎರೆಭೂಮಿಯ ಊರಲ್ಲಿ ಕಾಂದಳದವನು ಯಾರು?

ಮನಸ್ಸಿಗೆ ಬಂದದ್ದು ಒಂದೇ ಮುಖ. ಘಾಟಿನ ಗುತ್ತೇದಾರ ದೇವೀಂದ್ರಪ್ಪ. ವರ್ಷದ ಹಿಂದೆ ಬಂದು ದೋಣಿಯ ಗುತ್ತಿಗೆ ಹಿಡಿದವನು. ತನ್ನೂರು ಆಳಂದ ಕಡೆಯ ಸರಸಂಬಾ, ಸೊಲ್ಲಾಪುರ ದಾಟಿ ಹೋದವನೇ ಅಲ್ಲ ಅನ್ನುತ್ತಾನೆ. ಸರಸಂಬಾದಲ್ಲಿ ಬಾವಿ ಬಿಟ್ಟರೆ ನೀರೆಲ್ಲಿ? ಬಾವಿ ನೀರು ಕುಡಿದು ಬೆಳೆದವನಿಗೆ ಹುಟ್ಟು ಹಿಡಿಯುವ ಕೈ ಅಷ್ಟು ಚೆಂದ ಹೇಗೆ ಬಂತು?

ಕೇಳಿದರೆ ಅವನು ಒಪ್ಪುವವನಲ್ಲ. ಸಮುದ್ರದ ಕಡೆ ಬರೆದು ಉತ್ತರ ತರಿಸಲು ತಿಂಗಳು ಬೇಕು. ಮೋಟಾರಿಗೆ ಉಳಿದದ್ದು ಒಂದು ತಾಸು.

ದಾರಿಯಲ್ಲಿ ಒಂದು ಉಪಾಯ ಹೊಳೆಯಿತು.

*

ಚಾವಡಿಯ ಮುಂದೆ ಊರು ನೆರೆದಿತ್ತು. ಕಂಬಕ್ಕೆ ಕಟ್ಟಿದ ಸರಪಳಿಯ ತುದಿಯಲ್ಲಿ ಲಾಲಸಾಬ ತಲೆ ತಗ್ಗಿಸಿ ಕುಳಿತಿದ್ದ. ಮೆಟ್ಟಿಲ ಮೇಲೆ ಅವನ ಹೆಂಡತಿ ಅಮೀರುನ್ನಿಸಾ, ಮಡಿಲಲ್ಲಿ ರೊಟ್ಟಿಯ ಗಂಟು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು. ದೇವೀಂದ್ರಪ್ಪ ಜಗಲಿಯ ಮೇಲೆ ತೊಡೆ ಮೇಲೆ ತೊಡೆ ಹಾಕಿ ಎಲೆ ಅಡಿಕೆ ಮಡಚುತ್ತಿದ್ದ. ಬರಹೇಳಿದ್ದಕ್ಕೆ ಮಲ್ಕಮ್ಮನೂ ಬಂದು ಹಿಂದಿನ ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಿದ್ದಳು.

"ಸಾಬ್," ಅಮೀರುನ್ನಿಸಾ ಎದ್ದು ಬಂದಳು, "ಅವರು ಹೊಡದಿಲ್ರೀ. ಖುದಾ ಕಸಮ್. ಆ ಸಂಜಿಮುಂದ ಮನ್ಯಾಗೇ ಇದ್ರು. ನಾ ಇದ್ದೆ, ಅವರು ಇದ್ರು."

"ನಿನ್ನ ಗಂಡ ಅದನ್ನ ತನ್ನ ಬಾಯಿಂದ ಹೇಳವಲ್ಲ ಅಲ್ಲವ್ವ?"

ಅದೇ ಸೋಜಿಗ. ಹಿಡಿದ ದಿನ ಲಾಲಸಾಬ ಕೇಳಿದ್ದು ಒಂದೇ ಮಾತು. "ಖರೇನೂ 'ದಾಂವ' ಅಂತೇ ಅಂದಾನೇನ್ರಿ ದತ್ತಪ್ಪ?" ಹೌದು ಎಂದು ಜವಾನ ಕಾಗದ ತೋರಿಸಿದ್ದೇ ಅವನ ಮುಖ ಹಗುರಾಗಿ, ಅಂದಿನಿಂದ ಬಾಯಿಗೆ ಬೀಗ. ಅಮಾಯಕ ದಿಗಿಲುಗೊಂಡರೆ ಹೀಗೇ ಆಗುತ್ತಾನೆ ಎಂದು ಬುರಾನುದ್ದೀನ ಮರುಗಿದ್ದ.

ಅವನು ರುಮಾಲು ತೆಗೆದು ಗಾಳಿ ಹಾಕಿಕೊಳ್ಳುತ್ತ ಜಗಲಿಯ ಅಂಚಿಗೆ ಕೂತ. "ಮೋಟಾರು ಬರಾಕ ಇನ್ನಾ ಹೊತ್ತದ. ಯುದ್ಧ ಸುರು ಆದಾಗಿಂದ ಇದ್ದಲಿ ಮ್ಯಾಲ ಓಡ್ತದ ಅದು, ಉಸ್ ಉಸ್ ಅಂತ ಬರಬೇಕು. ಅಲ್ಲೀತನ ಒಂದು ಕತಿ ಹೇಳ್ಲೇನು?"

"ಹೇಳ್ರಿ, ಹೇಳ್ರಿ," ಎಂದ ದೇವೀಂದ್ರಪ್ಪ. "ಅಮೀನಸಾಹೇಬ್ರ ಬಾಯಾಗ ಕತಿ ಕೇಳೂದು ನಮ್ಮ ನಸೀಬ."

"ನಮ್ಮ ಅವ್ವನ ತವರಮನಿ ಕಡೆ ಒಂದು ಅಡವಿ ಅದ. ಅಲ್ಲಿ ಗಿಡದ ಬೇರು ನೆಲಕ್ಕ ಇಳಿಯಂಗಿಲ್ಲ. ಮಣ್ಣಾಗಿಂದ ಮ್ಯಾಲೆ ಎದ್ದು ಬರ್ತಾವ, ಬಟ್ಟು ತೋರ್ಸಿಧಂಗ."

ಕೆಲವರು ಮುಸಿಮುಸಿ ನಕ್ಕರು.

"ಕಾಯಿ ಗಿಡದಾಗೇ ಮೊಳಕಿ ಒಡದು, ಭರ್ಚಿ ಬಿದ್ಧಂಗ ಕೆಸರಿಗಿ ಬಿದ್ದು, ನಿಂತ ಕಾಲ ಮ್ಯಾಲೇ ಗಿಡ ಆಗ್ತದ. ಅಲ್ಲಿ ಒಂದು ಏಡಿ ಅದ. ಅದಕ್ಕ ಒಂದು ಕೈ ಕಡ್ಡಿಯಷ್ಟು, ಇನ್ನೊಂದು ಕೈ ಮೈಯಷ್ಟು ದೊಡ್ಡದು. ಆ ದೊಡ್ಡ ಕೈ ಎತ್ತಿ ಎಲ್ಲಾರಿಗಿ ಸಲಾಮ್ ಮಾಡ್ತದ."

ನಗು ಜೋರಾಯಿತು. ಬುರಾನುದ್ದೀನನ ಬಾಯಿ ಕತೆ ಹೇಳುತ್ತಿತ್ತು, ಕಣ್ಣು ದೇವೀಂದ್ರಪ್ಪನ ಮುಖ ಬಿಟ್ಟು ಕದಲಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇದ್ದೇ ಇರುತ್ತಾನೆ. ಕಂಡವನಿಗೆ ಇದು ನಗುವ ಮಾತಲ್ಲ. ಎಲ್ಲರೂ ನಗುವಾಗ ನಗಲು ಮರೆತವನೇ ಕಾಂದಳದವನು.

"ಎಲ್ಲಕ್ಕಿಂತ ಮಜಾ ಅಂದ್ರ," ಅವನು ದನಿ ತಗ್ಗಿಸಿದ, "ಅಲ್ಲಿ ಮೀನು ಗಿಡ ಏರ್ತಾವ."

ಚಾವಡಿ ಹೋ ಎಂದಿತು. ಒಬ್ಬ ಮುದುಕನಿಗೆ ಕೆಮ್ಮು ಬಂತು. ದೇವೀಂದ್ರಪ್ಪ ತೊಡೆ ತಟ್ಟಿಕೊಂಡು, ಎಲೆಯ ಕೆಂಪು ರಸ ಅಂಗಿಯ ಮೇಲೆ ಸುರಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಮೀನು ಗಿಡ ಏರಿದ್ರ, ಸಾಹೇಬ್ರ, ಮಂಗ್ಯಾ ಏನು ಮಾಡಬೇಕು? ನೀರಾಗ ಈಜಬೇಕೇನು?"

ಅದು ಕಳ್ಳ ನಗುವಲ್ಲ. ಹೊಟ್ಟೆಯಿಂದ ಬಂದದ್ದು. ಇಪ್ಪತ್ತು ವರ್ಷ ಸುಳ್ಳು ಮುಖಗಳನ್ನೇ ನೋಡಿದ ಬುರಾನುದ್ದೀನನಿಗೆ ಅದು ತಿಳಿಯಿತು. ಇವನು ಸಮುದ್ರ ಕಂಡವನಲ್ಲ. ದೂರದಲ್ಲಿ ಆಗಲೇ ಮೋಟಾರಿನ ಏದುಸಿರು ಕೇಳಿಸುತ್ತಿತ್ತು.

ಉಳಿದದ್ದು ಒಂದೇ ಕಾಯಿ. ಗುರಿ ಯಾವುದೆಂದು ತಿಳಿಯದೆಯೇ ಎಸೆದ.

"ನಗಬ್ಯಾಡ್ರಿ. ಬರೀ ಏರೂದಲ್ಲ. ಗಿಡದ ಮ್ಯಾಲ ಹುಲ್ಲು ಹೊತ್ತು ಗೂಡು ಕಟ್ಟಿ ತತ್ತಿ ಇಡ್ತಾವ."

"ಗೂಡು ಕಟ್ಟಂಗಿಲ್ರಿ ಅದು."

ಮಾತು ಹಿಂದಿನ ಕಂಬದಿಂದ ಬಂದಿತ್ತು. ಮಲ್ಕಮ್ಮ ತಲೆ ಎತ್ತಿರಲಿಲ್ಲ. ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡಂತಿತ್ತು. "ನಿವಟಿ ಗೂಡು ಎಲ್ಲಿ ಕಟ್ತದ? ಕೆಸರಾಗ ತೂತು ಕೊರದು ಅದರಾಗ ತತ್ತಿ ಇಡ್ತದ. ಭರತ ಏರ್ದಾಗ ಬೇರು ಹತ್ತಿ ಕುಂದರ್ತದ. ನೀರು ಇಳದ ಮ್ಯಾಲ ತಿರಗಿ ಕೆಸರಿಗೆ."

ನಿವಟಿ. ಆ ಮೀನಿನ ಹೆಸರನ್ನು ಬುರಾನುದ್ದೀನ ಎಲ್ಲೂ ಹೇಳಿರಲಿಲ್ಲ.

ಮಲ್ಕಮ್ಮ ಆಗ ತಲೆ ಎತ್ತಿ ಸುತ್ತಲೂ ನೋಡಿದಳು. ತನ್ನ ಬಾಯಿಂದ ಏನು ಜಾರಿತೆಂದು ಅವಳಿಗೆ ತಿಳಿದು, ಕೈಯಲ್ಲಿದ್ದ ಸೆರಗು ಬಾಯಿಗೆ ಹೋಯಿತು.

"ನೀ ಕಾಂದಳ ಕಂಡೀಯೇನಬೇ?" ಬುರಾನುದ್ದೀನ ಮೆಲ್ಲಗೆ ಕೇಳಿದ.

"ಕಂಡೀನ್ರಿ."

"ಈ ಊರಾಗ ಯಾರಿಗೂ ಹೇಳಿಲ್ಲಲ್ಲ?"

"ಯಾರೂ ಕೇಳಲಿಲ್ರಿ." ಅವಳು ಸೆರಗನ್ನು ಬಾಯಿಂದ ತೆಗೆದಳು. "ನಮ್ಮೂರು ನಿಂಬರ್ಗಾದಿಂದ ಗಂಡ ಹೆಂಡ್ತಿ ಇಬ್ಬರೂ ತೊಗಟಿ ಕೆಲಸಕ್ಕ ಹೋಗಿದ್ವಿ. ಅಲ್ಲಿ ಲೆಕ್ಕ ಬರ್ಯಾಂವ ಇದೇ ದತ್ತಪ್ಪ. ಒಂದಿನ ನನ್ನ ಗಂಡ ಕಾಂದಳದಾಗ ತೊಗಟಿ ಸುಲ್ಯಾಕ ಹೋದಾಂವ ಭರತಕ್ಕ ಸಿಕ್ಕ. ಹೆಣಾನೂ ಸಿಗಲಿಲ್ಲ. ನಾ ಎರಡು ವರ್ಷ ಅಲ್ಲೇ ದೋಣಿ ನಡಸಿ ಹೊಟ್ಟಿ ಹೊರದು, ಆಮ್ಯಾಲ ಇಲ್ಲಿ ಬಂದೆ."

"ಸೋಮವಾರ ದೋಣಿ ಕಟ್ಟಿದಾಕಿ ನೀನೇ."

"ಹೌದ್ರಿ."

ದೇವೀಂದ್ರಪ್ಪ ಜಿಗಿದೆದ್ದ. "ನನ್ನ ದೋಣಿ ಒಡದಾಕಿ ನೀನೇನಬೇ? ನನ್ನ ಕೇಳಲಾರ್ದ..."

"ಕುಂದರ್ರಿ ಗುತ್ತೇದಾರ್ರ!" ಬುರಾನುದ್ದೀನ ಗದರಿದ. "ಹೇಳವ್ವ. ದತ್ತಪ್ಪನ್ನ ನೀ ಹೊಡದೇನು?"

"ಇಲ್ರಿ! ನಮ್ಮ ಸಾಬವ್ವನ ಮ್ಯಾಲ ಆಣಿ, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಆಕಿ!" ಮಲ್ಕಮ್ಮ ಎದ್ದು ನಿಂತಳು. "ನಾ ಈ ದಂಡಿಗಿ ಕಲ್ಲಂಗಡಿ ಬಳ್ಳಿಗಿ ನೀರು ಹಾಕ್ತಿದ್ದೆ. ಆಚಿಂದ ಸಾಯೂ ಧ್ವನಿ ಬಂತು. ದೋಣಿ ತಗೊಂಡು ಹೋದೆ. ತಲಿ ತೊಡಿಮ್ಯಾಲ ಇಟ್ಕೊಂಡೆ. ಆಂವ ಒಂದು ಮಾತು ಅಂದ, ಜೀವ ಬಿಟ್ಟ. ತಿರಗಿ ಬಂದು ಕೈ ಹೆಂಗ ಬಂತು ಹಂಗ ದೋಣಿ ಕಟ್ಟಿ ಚಾವಡಿಗಿ ಓಡಿ ಬಂದೆ. ದೋಣಿ ಮುಟ್ಟಿದ್ರ ಗುತ್ತೇದಾರ್ರು ಕೈ ಮುರೀತಾರಂತ ಅದೊಂದು ಹೇಳಲಿಲ್ರಿ, ಕೆಳಗ ನಡದು ದಾಟಿದೆ ಅಂದೆ."

"ಏನಂದ ದತ್ತಪ್ಪ?"

"ನಾ ಅವತ್ತೇ ಹೇಳೇನ್ರಿ. ಬರಕೊಳ್ಳಾಂವ ಏನು ಬರಕೊಂಡನೋ ನನಗೇನು ತಿಳೀತದ? ಹೆಬ್ಬಟ್ಟು ಒತ್ತು ಅಂದ್ರು, ಒತ್ತಿದೆ. ಮರದಿನ ಲಾಲಸಾಬನ್ನ ಹಿಡದಾರಂತ ಕೇಳಿ ಎದಿ ಒಡೀತು. ಆದ್ರ ಬಾಯಿ ಬರಲಿಲ್ರಿ. ಖರೆ ಹೇಳಿದ್ರ ಬೇಡಿ ನನಗ ಬೀಳ್ತದಲ್ಲ. ಸಮುದ್ರದ ಕಡೆ ದತ್ತಪ್ಪ ನನ್ನ ಕರೀತಿದ್ದದ್ದೇ ಹಾಂಗ."

"ಹ್ಯಾಂಗ?"

"ಕಾಂದಳದಾಕಿ ಅಂತ."

ಬುರಾನುದ್ದೀನ ದೊಡ್ಡ ಉಸಿರು ಬಿಟ್ಟ. 'ದಾಂವ' ಅಲ್ಲ, 'ದಾಕಿ'. ಸಾಯುವವನು ಕೊಂದವನ ಹೆಸರು ಹೇಳಿಯೇ ಇರಲಿಲ್ಲ. ತನ್ನ ತಲೆ ತೊಡೆಯ ಮೇಲಿಟ್ಟುಕೊಂಡ ಹಳೆಯ ಪರಿಚಯದ ಹೆಂಗಸನ್ನು ಕರೆದಿದ್ದ, ಅಷ್ಟೇ. ಉರ್ದು ಬರಹಗಾರ ಕಾಂದಳವನ್ನು ಕಾಂದಾ ಮಾಡಿದ, ಆಕಿಯನ್ನು ವಾಲಾ ಮಾಡಿದ. ಲಾಲಸಾಬನ ಮೇಲಿದ್ದ ಒಂದೇ ಸಾಕ್ಷಿ ನೆಲಕ್ಕೆ ಬಿತ್ತು.

"ಜವಾನ, ಬೀಗದಕೈ ತಾ."

ತಾನೇ ಬಗ್ಗಿ ಬೇಡಿ ಬಿಚ್ಚಿದ. ಸರಪಳಿ ಕಂಬದ ಬುಡಕ್ಕೆ ಬಿದ್ದಿತು. ಜನ ಉಘೇ ಎಂದರು. ಅಮೀರುನ್ನಿಸಾ ಅಮೀನನ ಕಾಲಿಗೆ ಬೀಳಲು ಹೋಗಿ, ಮತ್ತೆ ಮೆಟ್ಟಿಲ ಮೇಲೆ ಕುಸಿದು ಕೂತಳು, ಅವಳ ಅಳು ಇನ್ನೂ ಜೋರಾಯಿತು. ಲಾಲಸಾಬ ಮಾತ್ರ ಕದಲಲಿಲ್ಲ. ಬಿಡುಗಡೆಯಾದವನ ಮುಖ ಅದಾಗಿರಲಿಲ್ಲ. ಅವನು ಮಲ್ಕಮ್ಮನನ್ನೇ ನೋಡುತ್ತಿದ್ದ, ಅವಳು ಇನ್ನೊಂದು ಮಾತು ಆಡದಿರಲಿ ಎಂಬಂತೆ.

ಮಲ್ಕಮ್ಮ ಆಡಿದಳು.

"ಸಾಹೇಬ್ರ, ಒಂದು ಮಾತದ. ಮೂರು ದಿನ ಆತು, ನನ್ನ ನಿದ್ದಿ ತಿಂದದ."

"ಏನವ್ವ?"

"ನನ್ನ ಕರದಾನಂತ ಅಂದ್ಕೊಂಡಿದ್ದೆ. ಆದ್ರ ಅವನ ಕಣ್ಣು ರಕ್ತದಾಗ ಮುಚ್ಚಿದ್ದೂ. ನಾ ತುಟಿ ಪಿಟಕ್ ಅಂದಿರಲಿಲ್ಲ. ಹಿಡದಾಕಿ ಯಾರಂತ ಅವಗ ಗೊತ್ತೇ ಇರಲಿಲ್ರಿ. ಮತ್ತ ನನ್ನ ಹ್ಯಾಂಗ ಕರ್ದಾನು?"

ಬುರಾನುದ್ದೀನನ ಕೈಯಲ್ಲಿ ಬೀಗದಕೈ ಹಾಗೇ ನಿಂತಿತು. "ಮಲ್ಕಮ್ಮ, ನೆನಪು ಮಾಡಿ ಹೇಳು. ಕಾಂದಳದಾಕಿ ಅಂದನೋ... ಕಾಂದಾದಾಕಿ ಅಂದನೋ?"

"ಗಂಟಲಾಗ ರಕ್ತ ಇತ್ರಿ. ನಡಕ 'ಳ' ಇತ್ತೋ ಇಲ್ಲೋ ಆ ದೇವರಿಗೇ ಗೊತ್ತು. ಆದ್ರ 'ಆಕಿ' ಅಂದದ್ದು ಖರೆ."

ಕಾಂದಾದಾಂವ ಎಂದರೆ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಕಾಂದಾದಾಕಿ ಎಂದರೆ ಯಾರೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಒಂದೊಂದೇ ತಲೆ ಮೆಟ್ಟಿಲ ಕಡೆ ತಿರುಗಿತು.

ಬುರಾನುದ್ದೀನನಿಗೆ ಆಗ ನೆನಪಾಯಿತು. 'ಖರೇನೂ ದಾಂವ ಅಂತೇ ಅಂದಾನೇನ್ರಿ?' ಅದು ಅಮಾಯಕನ ದಿಗಿಲಾಗಿರಲಿಲ್ಲ. ಹೌದೆಂದು ಕೇಳಿ ಆ ಮುಖ ಹಗುರಾಗಿದ್ದು ಯಾತಕ್ಕೆಂದು ಈಗ ತಿಳಿಯಿತು: ಬೇಡಿ ತನಗೇ ಬಿತ್ತು, ಹೆಂಡತಿಗಲ್ಲ.

"ಸಾಹೇಬ್ರ!" ಲಾಲಸಾಬ ಕಂಬ ಹಿಡಿದು ಎದ್ದು ನಿಂತ. ಮೂರು ದಿನ ಮುಚ್ಚಿದ್ದ ಬಾಯಿ ಒಡೆದು ಬಂದಂತೆ ಕೂಗಿದ. "ಯಾರ ಮಾತೂ ಕೇಳಬ್ಯಾಡ್ರಿ. ಹೊಡದಾಂವ ನಾನೇ. ಕೆಳಗ ಕಾಲ್ನಡಿ ಹಾದ್ಯಾಗ ದಾಟಿ ಹೋದೆ, ಕಲ್ಲಿಲೆ ಹೊಡದೆ. ಬರಕೋರಿ. ಉರ್ದುದಾಗ ಬರಕೋರಿ, ಕನ್ನಡದಾಗ ಬರಕೋರಿ, ಹೆಬ್ಬಟ್ಟು ಒತ್ತೇನಿ. ಹಾಕ್ರಿ ಬೇಡಿ!"

ಈಗಷ್ಟೇ ಬಿಡಿಸಿಕೊಂಡ ಎರಡು ಕೈಗಳನ್ನೂ ಮುಂದೆ ಚಾಚಿದ. ಬೇಡಿ ಉಜ್ಜಿದ ಗಾಯ ಇನ್ನೂ ಹಸಿಯಾಗಿತ್ತು.

ಹೊರಗೆ ಮೋಟಾರು ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು.

ಬುರಾನುದ್ದೀನ ಮೆಟ್ಟಿಲ ಕಡೆ ನೋಡಿದ. ಮೂರು ದಿನದಿಂದ ಬಿಡದೆ ಅಳುತ್ತಿದ್ದ ಅಮೀರುನ್ನಿಸಾ ಅಳುವುದನ್ನು ನಿಲ್ಲಿಸಿದ್ದಳು.